ಅಡ್ಡಿಲ್ಲ ಅಂದವರ ಕಣ್ಣು

ನಾನು ನೇತ್ರ ಸಹಾಯಕನಾಗಿದ್ದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣಿನ ವೈದ್ಯರ ಹತ್ತಿರ ಹೋಗುವ ಮೊದಲು ನಿಮ್ಮನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಅಕ್ಷರ ಓದಿಸುವವನು ಒಬ್ಬ ಇರುತ್ತಾನಲ್ಲ, ಅವನೇ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕು ಬಿಟ್ಟು ನನ್ನನ್ನು ಎಲ್ಲಿಗೂ ಹಾಕಲಿಲ್ಲ. ಬೇರೆ ಕಡೆ ಹಾಕಿಸಿಕೊಳ್ಳುವಷ್ಟು ವಶೀಲಿ ನನಗಿರಲಿಲ್ಲ, ಹಾಕಿಸಿಕೊಳ್ಳಬೇಕು ಅಂತ ಅನ್ನಿಸಲೂ ಇಲ್ಲ. ನಿವೃತ್ತನಾದ ಮೇಲೆ ಸಾಗರದಲ್ಲೇ ಇದ್ದೇನೆ. ನನ್ನ ಜಾಗಕ್ಕೆ ಬಂದ ಹುಡುಗಿ ಬಯಲುಸೀಮೆಯವಳು, ಕೆಲಸದಲ್ಲಿ ಚುರುಕು. ಆಗಾಗ ಫೋನ್ ಮಾಡುತ್ತಾಳೆ. ಮೊನ್ನೆ ಮಾಡಿದವಳು ಬೇಸರದಲ್ಲಿದ್ದಳು. ಇಲ್ಲಿನ ಜನ ಬಾಯಿ ಬಿಟ್ಟು ಏನೂ ಹೇಳುವುದಿಲ್ಲ, ಏನು ಕೇಳಿದರೂ ಒಂದೇ ಉತ್ತರ ಕೊಡುತ್ತಾರೆ, ಹೀಗಾದರೆ ಕೆಲಸ ಮಾಡುವುದು ಹೇಗೆ ಎಂದಳು. ಫೋನಿನಲ್ಲಿ ಹೇಳಿ ಮುಗಿಯುವ ಸಂಗತಿ ಅದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸೇವೆಗೆ ಸೇರಿದ್ದು, ಬಡ್ತಿ ಸಿಕ್ಕಿದ್ದು, ಸಿಗಬೇಕಾದಾಗ ಸಿಗದೇ ಹೋದದ್ದು ಇವನ್ನೆಲ್ಲ ಬಿಡುತ್ತೇನೆ. ಯಾವ ನೌಕರನನ್ನು ಕೇಳಿದರೂ ಆ ಕಥೆ ಒಂದೇ ಥರ ಇರುತ್ತದೆ. ಆ ಹುಡುಗಿ ಹೇಳಿದ ಒಂದೇ ಉತ್ತರದಿಂದ ಶುರು ಮಾಡುತ್ತೇನೆ. ಅದು 'ಅಡ್ಡಿಲ್ಲ'. ಊಟ ಹೇಗಿತ್ತು ಎಂದು ಕೇಳಿದರೆ ನಮ್ಮ ಕಡೆಯವರು ಅಡ್ಡಿಲ್ಲ ಎನ್ನುತ್ತಾರೆ. ಹೊಸ ಅಳಿಯ ಹೇಗೆ ಎಂದರೂ ಅಡ್ಡಿಲ್ಲ. ಅಡಿಕೆ ಬೆಳೆಯುವ ಕೆಲವು ಮನೆಗಳಲ್ಲಿ ಅದೇ 'ಅಡ್ಡಿಲ್ಲೆ' ಆಗುತ್ತದೆ. ಬಹಳ ಚೆನ್ನಾಗಿದೆ ಎನ್ನುವುದಕ್ಕೂ ಅದೇ ಮಾತು, ಹೇಗೋ ನಡೆಯುತ್ತದೆ ಎನ್ನುವುದಕ್ಕೂ ಅದೇ, ಈ ವಿಷಯ ಇಲ್ಲಿಗೆ ಬಿಡಿ ಎನ್ನುವುದಕ್ಕೂ ಅದೇ. ಕೇಳಿದವನು ದನಿಯ ಮೇಲೆ ತಿಳಿದುಕೊಳ್ಳಬೇಕು.

ಕಣ್ಣು ಪರೀಕ್ಷೆ ಮಾಡುವವನಿಗೆ ಇದೊಂದು ಪೀಕಲಾಟ. ನಮ್ಮ ಕೆಲಸವೆಲ್ಲ ಹೋಲಿಸುವುದರ ಮೇಲೆ ನಿಂತಿದೆ. ಕಣ್ಣಿನ ಮುಂದೆ ಒಂದು ಗಾಜು ಹಾಕಿ ಈಗ ಹೇಗೆ ಎನ್ನಬೇಕು, ಅದನ್ನು ತೆಗೆದು ಇನ್ನೊಂದು ಹಾಕಿ ಇದು ಹೇಗೆ ಎನ್ನಬೇಕು, ಅವರು ಇದಕ್ಕಿಂತ ಅದು ವಾಸಿ ಎನ್ನಬೇಕು. ಇಲ್ಲಿ ಮೊದಲನೆಯದೂ ಅಡ್ಡಿಲ್ಲ, ಎರಡನೆಯದೂ ಅಡ್ಡಿಲ್ಲ. ಒಮ್ಮೆ ಸುಮ್ಮನೆ ನೋಡೋಣವೆಂದು ಗಾಜೇ ಇಲ್ಲದ ಬರೀ ಚೌಕಟ್ಟನ್ನು ಮೂಗಿನ ಮೇಲಿಟ್ಟು ಕೇಳಿದೆ. ಆ ಯಜಮಾನರು ತಲೆ ಹಿಂದಕ್ಕೂ ಮುಂದಕ್ಕೂ ಆಡಿಸಿ, ಇದೂ ಅಡ್ಡಿಲ್ಲ, ಹಗುರ ಇದೆ ಎಂದರು.

ಶುರುವಿನ ವರ್ಷಗಳಲ್ಲಿ ನಾನು ಹೊಸನಗರದಲ್ಲಿದ್ದೆ. ಆಗ ನಮಗೊಬ್ಬರು ಮೇಲಧಿಕಾರಿ ಇದ್ದರು. ಗುರಿ ಮುಟ್ಟುವುದರಲ್ಲಿ ಅವರಿಗೆ ವಿಪರೀತ ಆಸೆ. ಯಾವ ಶಿಬಿರದಲ್ಲಿ ಎಷ್ಟು ಜನಕ್ಕೆ ದೃಷ್ಟಿದೋಷ ಸಿಕ್ಕಿತು ಎಂದು ಸಂಜೆಯೊಳಗೆ ಮೇಲೆ ತಿಳಿಸದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಹುಲಿಕಲ್ಲಿನ ಶಾಲೆಯಲ್ಲಿ ಒಂದು ಶಿಬಿರ ಇಟ್ಟೆವು. ಬೆಳಿಗ್ಗೆ ಬೇಗ ಹೋಗಿ ಶಾಲೆಯ ಕೋಣೆಯಲ್ಲಿ ಅಕ್ಷರದ ಹಲಗೆ ತೂಗುಹಾಕಿದೆ. ಮೊದಲು ಬಂದವರು ಓದುತ್ತ ಮೂರನೇ ಸಾಲಿಗೆ ನಿಂತರು. ಆಮೇಲೆ ಬಂದವರೂ ಅಲ್ಲಿಗೇ ನಿಂತರು. ಊರಿಗೆ ಊರೇ ಮೂರನೇ ಸಾಲಿಗಿಂತ ಕೆಳಗೆ ಇಳಿಯಲಿಲ್ಲ. ಮೇಲಧಿಕಾರಿಗಳ ಮುಖ ಅರಳಿತು. ಇಷ್ಟು ದೃಷ್ಟಿದೋಷ ಒಂದೇ ಊರಿನಲ್ಲಿ ಜಿಲ್ಲೆಯಲ್ಲೇ ಯಾರಿಗೂ ಸಿಕ್ಕಿಲ್ಲ, ಇದಕ್ಕೆ ನೀರು ಕಾರಣವೋ ಏನೋ ಎಂದು ಅವರು ಯೋಚನೆಗೆ ಬಿದ್ದರು. ನನಗೆ ಅನುಮಾನ ಬಂದು ರೋಗಿಯ ಕುರ್ಚಿಯಲ್ಲಿ ನಾನೇ ಕೂತು ನೋಡಿದೆ. ನನಗೂ ಮೂರನೇ ಸಾಲಿನ ಕೆಳಗೆ ಏನೂ ಕಾಣಲಿಲ್ಲ. ಕಿಟಕಿಯಿಂದ ಮಂಜು ಒಳಗೆ ಬಂದು ಹಲಗೆಗೂ ಕುರ್ಚಿಗೂ ನಡುವೆ ತುಂಬಿಕೊಂಡಿತ್ತು. ಹಲಗೆಯ ಹತ್ತಿರ ನಿಂತವನಿಗೆ ಅದು ಗೊತ್ತಾಗುವುದಿಲ್ಲ. ಬಂದವರಲ್ಲಿ ಒಬ್ಬರಾದರೂ ಮಂಜು ಇದೆಯಲ್ಲ ಸ್ವಾಮಿ ಎಂದು ಹೇಳಬಹುದಿತ್ತು. ಕೇಳಿದ್ದಕ್ಕೆ, ನಿಮಗೆ ಗೊತ್ತಿರುತ್ತದೆ ಅಂದುಕೊಂಡೆವು, ಮಂಜಿನಲ್ಲಿ ಎಷ್ಟು ಕಾಣುತ್ತದೆ ಅಂತ ಪರೀಕ್ಷೆ ಮಾಡ್ತಿದ್ದೀರಿ ಅಂದುಕೊಂಡೆವು ಎಂದರು. ಬಿಸಿಲು ಏರುವವರೆಗೆ ಎಲ್ಲರೂ ಅಂಗಳದಲ್ಲಿ ಕೂತು ಕಷಾಯ ಕುಡಿದೆವು. ಎಷ್ಟೋ ಶಿಬಿರಗಳು ಮರೆತುಹೋಗಿವೆ, ಆ ಕಷಾಯ ಮಾತ್ರ ನೆನಪಿದೆ. ಜೀರಿಗೆ ಮುಂದಾಗಿತ್ತು.

ಗೋಡೆಯ ಅಕ್ಷರ ಓದಿಸುವುದು ದೂರದ ನೋಟಕ್ಕೆ. ಹತ್ತಿರದ ನೋಟಕ್ಕೆ ಒಂದು ಪುಟ್ಟ ಅಚ್ಚಿನ ಹಾಳೆ ಕೊಡುತ್ತಿದ್ದೆವು, ಪುಸ್ತಕ ಹಿಡಿದಷ್ಟು ದೂರದಲ್ಲಿ ಹಿಡಿದು ಓದಬೇಕು. ಅದು ಓದುವಷ್ಟಾದರೆ ಕನ್ನಡಕ ಸರಿಯಾಯಿತು ಎಂದು ಲೆಕ್ಕ. ಸಾಗರದ ಹತ್ತಿರದ ಒಬ್ಬರು ಅಡಿಗೆ ಭಟ್ಟರಿಗೆ ಹೀಗೇ ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಟ್ಟೆ. ಮದುವೆ ಮನೆಗಳಲ್ಲಿ ಅವರ ಸಿಹಿತಿಂಡಿಗೆ ಹೆಸರಿತ್ತು. ಹಾಳೆ ಸರಾಗ ಓದಿದರು, ಅಡ್ಡಿಲ್ಲೆ ಎಂದು ಹೇಳಿ ಹೋದರು. ಮುಂದಿನ ವಾರ ಕನ್ನಡಕವನ್ನು ಪಂಚೆಯ ತುದಿಯಲ್ಲಿ ಸುತ್ತಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟರು.

"ಕನ್ನಡ್ಕ ಅಡ್ಡಿಲ್ಲೆ ಮಾರಾಯ. ಆದ್ರೆ ಇದ್ರಲ್ಲಿ ಪಾಕ ಕಾಣವು ಅಂದ್ರೆ ಬಾಣಲೆ ಒಳಗೆ ಮುಖ ಹಾಕವು."

ಪಾಕ ಕಾಣಬೇಕಾದರೆ ಬಾಣಲೆಯೊಳಗೇ ಮುಖ ಹಾಕಬೇಕು ಎಂಬುದು ಅವರ ದೂರು. ಅವರಿಗೆ ಓದುವ ಹವ್ಯಾಸವೇ ಇರಲಿಲ್ಲ. ಅವರು ನೋಡಬೇಕಾದದ್ದು ಸಕ್ಕರೆ ಪಾಕದ ಎಳೆಯನ್ನು. ಸೌಟಿನಿಂದ ಒಂದು ಹನಿ ತೆಗೆದು ಎರಡು ಬೆರಳ ನಡುವೆ ಹಿಡಿದು ಎಳೆದಾಗ ಒಂದೆಳೆಯೋ ಎರಡೆಳೆಯೋ ಎನ್ನುವುದು ಅವರ ಬಾಳಿನ ಪ್ರಶ್ನೆ. ಒಲೆಯ ಶಾಖಕ್ಕೆ ಕೈ ಚಾಚಿ ನಿಲ್ಲುವವರು ಅವರು, ಪುಸ್ತಕದಷ್ಟು ಹತ್ತಿರ ಹೋಗಲಾಗುವುದಿಲ್ಲ. ಬೆರಳಿಗೆ ಅಂಟು ಗೊತ್ತಾಗುವುದಿಲ್ಲವೇ ಎಂದು ಕೇಳಿದೆ. ಗೊತ್ತಾಗುತ್ತದೆ, ಆದರೆ ಎಳೆ ಬೆಳಕಿಗೆ ಹೊಳೆಯುವುದನ್ನು ನೋಡದಿದ್ದರೆ ಮಾಡಿದ ಹಾಗೆ ಆಗುವುದಿಲ್ಲ ಎಂದರು. ಅವರನ್ನು ನಿಲ್ಲಿಸಿ, ಒಲೆ ಎಷ್ಟು ದೂರ ಎಂದು ಕೈಯಲ್ಲಿ ತೋರಿಸಿ ಎಂದೆ. ತೋರಿಸಿದ ದೂರಕ್ಕೆ ನಾನೊಂದು ನೂಲಿನ ಎಳೆ ಹಿಡಿದು ನಿಂತೆ. ಆ ಎಳೆ ಕಾಣುವ ಗಾಜು ಸಿಕ್ಕಿದಾಗ ಅವರು ಅಡ್ಡಿಲ್ಲೆ ಎನ್ನಲಿಲ್ಲ. 'ಹಾಂ' ಎಂದರು. ಈ 'ಹಾಂ' ಬರುವವರೆಗೆ ಗಾಜು ಬದಲಿಸಬೇಕು ಎನ್ನುವುದು ಅಂದು ತಿಳಿಯಿತು.

ತೀರ್ಥಹಳ್ಳಿಯ ಸಂಗತಿ ಒಂದು ಹೇಳಿ ಮುಂದೆ ಹೋಗುತ್ತೇನೆ. ಅಲ್ಲಿ ಧರಣೇಂದ್ರಯ್ಯ ಎಂಬ ಜೈನ ವ್ಯಾಪಾರಿ ಇದ್ದರು, ಬೆಲ್ಲ ಮತ್ತು ದಿನಸಿ ಅಂಗಡಿ. ಪರೀಕ್ಷೆಗೆ ಕೂತವರು ಹಲಗೆಯ ಕೊನೆಯ ಸಾಲಿನವರೆಗೆ ಓದಿ, ಅದರ ಕೆಳಗೆ ಅಚ್ಚಾದ ಮುದ್ರಣಾಲಯದ ವಿಳಾಸವನ್ನೂ ಓದಿದರು. ಆ ವಿಳಾಸವನ್ನು ಅಷ್ಟು ದೂರದಿಂದ ಗಿಡುಗವೂ ಓದಲಾರದು. ಸಾಲಿನಲ್ಲಿ ಕಾಯುವಾಗ ಹಲಗೆಯ ಹತ್ತಿರ ನಿಂತು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಿದ್ದರು. ಹಿಂದೆ ಅವರ ಗಿರಾಕಿಗಳು ಕೂತಿದ್ದರು, ಅವರೆದುರು ತಪ್ಪು ಓದಲು ಮನಸ್ಸಾಗಲಿಲ್ಲ. ಎಲ್ಲರೂ ಹೋದ ಮೇಲೆ ಮತ್ತೆ ಬಂದು ತಮ್ಮ ಕಷ್ಟ ಹೇಳಿದರು. ಇರುವೆ ಕಾಣುತ್ತಿರಲಿಲ್ಲ. ಬೆಲ್ಲದ ಅಚ್ಚು ಎತ್ತುವಾಗ ಕೈಕೆಳಗೆ ಎಷ್ಟು ಜೀವ ಹೋಗುತ್ತಿದೆಯೋ ಎಂಬುದು ಅವರ ಸಂಕಟ. ಕನ್ನಡಕ ಕೊಟ್ಟೆವು. ಒಂದು ಸಂಜೆ ಬಸ್ಸಿಗೆ ಕಾಯುತ್ತ ಅವರ ಅಂಗಡಿಯ ಕಡೆ ಹೋದರೆ, ಹೊತ್ತು ಮುಳುಗುವ ಮೊದಲಿನ ಊಟ ಮುಗಿಸಿ ಮೆಟ್ಟಿಲ ಮೇಲೆ ಕೂತಿದ್ದರು. ಮೂಲೆಯಲ್ಲಿ ಒಂದು ಚಿಟಿಕೆ ಬೆಲ್ಲ ಹಾಕಿ ಇರುವೆಗಳ ಸಾಲು ಬರುವುದನ್ನು ನೋಡುತ್ತಿದ್ದರು. ನನಗೂ ಪಕ್ಕದಲ್ಲಿ ಜಾಗ ಕೊಟ್ಟರು. ನಾವಿಬ್ಬರೂ ಬಹಳ ಹೊತ್ತು ನೋಡಿದೆವು. ನನಗೆ ಒಂದು ಬಸ್ಸು ತಪ್ಪಿತು, ಬೇಜಾರಾಗಲಿಲ್ಲ.

ಇಂಥವರು ಎಷ್ಟೋ ಜನ. ಕಣ್ಣು ಮಂದವಾದವರು ದೊಡ್ಡ ದೊಡ್ಡದನ್ನು ನೋಡಲು ಆಸೆ ಪಡುತ್ತಾರೆ ಎಂದು ಕೆಲಸಕ್ಕೆ ಸೇರುವ ಮೊದಲು ನಾನೂ ತಿಳಿದಿದ್ದೆ. ತೀರ್ಥಕ್ಷೇತ್ರ ನೋಡಬೇಕು, ಮೊಮ್ಮಗಳ ಮದುವೆ ನೋಡಬೇಕು ಎನ್ನುವವರು ಇದ್ದರು, ಇಲ್ಲವೆಂದಲ್ಲ. ಆದರೆ ಅವರು ಕಡಿಮೆ. ಹೆಚ್ಚಿನವರಿಗೆ ಬೇಕಾಗಿದ್ದದ್ದು ಎಲೆಗೆ ಹಚ್ಚಿದ ಸುಣ್ಣ ಎಷ್ಟಾಯಿತು ಎಂದು ತಿಳಿಯುವುದು, ಹಾಲಿಗೆ ಕೆನೆ ಕಟ್ಟಿದ್ದು ಕಾಣುವುದು, ಬರುವ ಬಸ್ಸಿನ ಬೋರ್ಡನ್ನು ಪಕ್ಕದವರಿಗಿಂತ ಮೊದಲು ಓದುವುದು. ಕೇಳಿದ ತಕ್ಷಣ ಇದನ್ನು ಹೇಳುವುದಿಲ್ಲ. ಇಷ್ಟು ಸಣ್ಣದಕ್ಕೆ ಸರ್ಕಾರದವರನ್ನು ಯಾಕೆ ತೊಂದರೆಪಡಿಸುವುದು ಎಂಬ ನಾಚಿಕೆ. ಬೇರೆ ಮಾತಾಡುತ್ತ ಕೂತರೆ ಹೊರಗೆ ಬರುತ್ತದೆ.

ಆಮೇಲೆ ಕಂಪ್ಯೂಟರ್ ಯಂತ್ರ ಬಂತು. ಗಲ್ಲ ಇಟ್ಟು ಒಳಗಿನ ಚಿತ್ರ ನೋಡಿದರೆ ಸಾಕು, ಕನ್ನಡಕದ ನಂಬರು ಚೀಟಿಯಲ್ಲಿ ಬರುತ್ತದೆ. ಹಳಬರು ಕೆಲವರು ಅದನ್ನು ಬೈದರು. ನಾನು ಬೈಯುವುದಿಲ್ಲ, ನನ್ನ ಬೆನ್ನು ಉಳಿದದ್ದು ಅದರಿಂದ. ಆದರೆ ಯಂತ್ರಕ್ಕೆ ಒಲೆ ಎಷ್ಟು ದೂರ ಎಂದು ಗೊತ್ತಿಲ್ಲ, ಅದನ್ನು ನೀವೇ ಕೇಳಬೇಕು.

ಯಂತ್ರ ಬಂದ ಸುಮಾರಿಗೆ ಸಾಗರಕ್ಕೆ ಹೊಸ ವೈದ್ಯರು ಬಂದರು. ರಾಯಚೂರು ಕಡೆಯವರು, ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಕೆಲಸದಲ್ಲಿ ಬಹಳ ಗಟ್ಟಿ, ಮಾತು ಒರಟು, ಒಳಗೊಂದು ಹೊರಗೊಂದು ಇಲ್ಲ. ಅವರ ಊರಿನ ಕಡೆ ಹೊಟ್ಟೆನೋವು ಬಂದರೆ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಾರಂತೆ. ಇಲ್ಲಿ ಯಾರೂ ಏನೂ ಹೇಳದಿರುವುದನ್ನು ಕಂಡು ಅವರು ಮೊದಲು, ಈ ಜನಕ್ಕೆ ರೋಗವೇ ಇಲ್ಲ ಎಂದು ತಿಳಿದರು. ಅಡ್ಡಿಲ್ಲ ಎಂದರೆ ಅವರಿಗೆ ಒಪ್ಪಿಗೆ, ನೀವು ಮಾಡಬಹುದು, ನಮ್ಮ ಆಕ್ಷೇಪ ಇಲ್ಲ ಎಂದರ್ಥ. ನಿಮಗೆ ಚಹಾ ಹೇಗಿತ್ತು ಎಂದು ಕೇಳಿದಾಗ ನಾನು ಅಡ್ಡಿಲ್ಲ ಎಂದಿದ್ದಕ್ಕೆ ಇನ್ನೊಂದು ಲೋಟ ಹಾಕಿಕೊಟ್ಟಿದ್ದರು.

ಇನ್ನು ಬಂಗಾರಮ್ಮನ ವಿಷಯ. ಇಷ್ಟೆಲ್ಲ ಬರೆಯುತ್ತಿರುವುದು ಇದಕ್ಕಾಗಿಯೇ.

ಬಂಗಾರಮ್ಮ ಆನಂದಪುರದಿಂದ ಒಳಗಿನ ಒಂದು ಹಳ್ಳಿಯವರು. ಗೇಣಿ ಮಾಡುತ್ತಿದ್ದ ಗದ್ದೆ ಹಿರಿಯರ ಕಾಲದಲ್ಲಿ ಸ್ವಂತದ್ದಾದ ಮನೆ. ವಯಸ್ಸು ಎಪ್ಪತ್ತರ ಆಸುಪಾಸು. ಮಗ ಆನಂದಪುರದಲ್ಲಿ ಆಟೋ ಓಡಿಸುತ್ತಾನೆ, ಸೊಸೆ ಸುಜಾತ ಗದ್ದೆ ಮನೆ ಎರಡನ್ನೂ ನೋಡಿಕೊಳ್ಳುತ್ತಾಳೆ. ಬಂಗಾರಮ್ಮನಿಗೆ ಎಳೆಯ ವಯಸ್ಸಿನಲ್ಲೇ ಭತ್ತದ ಹೊಟ್ಟು ತಾಗಿ ಎಡಗಣ್ಣು ಹೋಗಿತ್ತು. ಉಳಿದದ್ದು ಬಲಗಣ್ಣು ಒಂದೇ, ಅದಕ್ಕೆ ಪೊರೆ ದಟ್ಟವಾಗಿ ಬೆಳೆದಿತ್ತು. ಬಾಗಿಲಿನ ಬೆಳಕು, ಎದುರು ನಿಂತವರ ಆಕಾರ ಇಷ್ಟು ಗೊತ್ತಾಗುತ್ತಿತ್ತು. ಅದೇ ಅಂದಾಜಿನ ಮೇಲೆ ಕೊಟ್ಟಿಗೆಗೆ ಹೋಗುತ್ತಿದ್ದರು, ಒಲೆಗೆ ಬೆಂಕಿ ಹಾಕುತ್ತಿದ್ದರು.

ಒಂದೇ ಕಣ್ಣಿರುವವರ ಪೊರೆ ತೆಗೆಯುವುದೆಂದರೆ ವೈದ್ಯರು ಎರಡು ಸಲ ಯೋಚಿಸುತ್ತಾರೆ. ಸರಿಯಾದರೆ ಎಲ್ಲ ಸರಿ. ಎಲ್ಲೋ ಸಾವಿರಕ್ಕೊಬ್ಬರಿಗೆ ಎಂಬಂತೆ ಕೆಟ್ಟರೆ ಇದ್ದ ಮಬ್ಬು ಬೆಳಕೂ ಹೋಗುತ್ತದೆ, ಆಮೇಲೆ ಪೂರ್ತಿ ಕತ್ತಲೆ. ಮೇಡಂ ಇದನ್ನು ಮುಚ್ಚಿಡದೆ ಹೇಳಿದರು. ಮಗ, ಬೇಡ, ಈಗ ಹೇಗೂ ನಡೆಯುತ್ತಿದೆ ಎಂದ. ಕಣ್ಣು ಬಂದರೆ ಏನು ನೋಡಬೇಕು ಅಂತ ಆಸೆ ಎಂದು ಮೇಡಂ ಬಂಗಾರಮ್ಮನನ್ನೇ ಕೇಳಿದರು. ನೋಡುವುದೇನಿದೆ, ಎಲ್ಲ ನೋಡಿ ಆಗಿದೆ ಎಂದು ಅವರು ನಕ್ಕರು. ಆಮೇಲೆ, ಮೀನಿನ ಮುಳ್ಳು ಎಂದರು.

ಅವರಿಗೆ ಹೊಳೆಮೀನು ಎಂದರೆ ಪ್ರಾಣ. ಸಣ್ಣ ಮೀನು, ಮಾಂಸಕ್ಕಿಂತ ಮುಳ್ಳೇ ಹೆಚ್ಚು. ಕಣ್ಣು ಮಬ್ಬಾದ ಮೇಲೆ ಗಂಟಲಿಗೆ ಸಿಕ್ಕಿಕೊಂಡೀತೆಂದು ಸುಜಾತ ಪಕ್ಕದಲ್ಲಿ ಕೂತು ಮುಳ್ಳು ಬಿಡಿಸಿ ಕೊಡುತ್ತಿದ್ದಳು. ಅವಳು ಪ್ರೀತಿಯಿಂದಲೇ ಮಾಡುತ್ತಿದ್ದಳು, ಅದು ಬಂಗಾರಮ್ಮನಿಗೂ ಗೊತ್ತಿತ್ತು. ಆದರೂ ಅವರಿಗೆ ಸೇರುತ್ತಿರಲಿಲ್ಲ.

"ಮುಳ್ಳು ಬಿಡಿಸ್ತಾ ಬಿಡಿಸ್ತಾ ತಿಂದ್ರೇ ಅದು ಮೀನು. ಬಿಡಿಸಿ ಕೊಟ್ಟಿದ್ದು ಬರೀ ಕೂಳು ಕಣವ್ವ," ಎಂದು ಮೇಡಂಗೆ ಹೇಳಿದರು.

ನಾನಾದರೆ ಇದು ಕಾರಣವೇ ಅಲ್ಲ ಎನ್ನುತ್ತಿದ್ದೆ. ಇರುವ ಒಂದು ಕಣ್ಣನ್ನು ಮೀನಿನ ಮುಳ್ಳಿಗಾಗಿ ಪಣಕ್ಕಿಡುವುದೇ? ಮೇಡಂ ಮಾತ್ರ ನಗಲಿಲ್ಲ. ಅವರು ಇಡೀ ವಾರ ಎಷ್ಟೋ ಜನಕ್ಕೆ ಈ ಪ್ರಶ್ನೆ ಕೇಳಿ ಅಡ್ಡಿಲ್ಲ ಎಂಬ ಉತ್ತರವನ್ನೇ ಪಡೆದಿದ್ದರು, ಇಷ್ಟು ಖಚಿತವಾಗಿ ಹೇಳಿದವರು ಸಿಕ್ಕಿದ್ದು ಅವರಿಗೆ ಖುಷಿಯಾಗಿರಬೇಕು. ಹಾಗಾದರೆ ಆಪರೇಷನ್ ಮಾಡಲೇ ಎಂದು ಕೇಳಿದರು. ಅಡ್ಡಿಲ್ಲ, ಮಾಡಿ ಎಂದರು ಬಂಗಾರಮ್ಮ. ಆ ಒಂದು ಸಲ ಆ ಮಾತನ್ನು ಇಬ್ಬರೂ ಒಂದೇ ಅರ್ಥದಲ್ಲಿ ತಿಳಿದುಕೊಂಡರು.

ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಬಂಗಾರಮ್ಮ ತಮ್ಮ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಮೀನು ನಂಜಾಗುತ್ತದೆಯೇ, ಎಷ್ಟು ದಿನ ಪಥ್ಯ ಎಂಬುದು ಅವರ ಮೊದಲ ಪ್ರಶ್ನೆ. ಪಥ್ಯ ಏನಿಲ್ಲ, ಹೊಟ್ಟೆಗೆ ಒಗ್ಗುವುದೆಲ್ಲ ತಿನ್ನಿ, ಕಣ್ಣಿಗೆ ನೀರು ತಾಗಿಸಬೇಡಿ, ಹನಿ ಔಷಧಿ ತಪ್ಪಿಸಬೇಡಿ ಎಂದು ಮೇಡಂ ಹೇಳಿದರು. ಕಪ್ಪು ಕನ್ನಡಕ ಹಾಕಿಕೊಂಡು, ಮಗನ ಆಟೋದಲ್ಲಿ ಕೂತು ಹೋದರು.

ಆಪರೇಷನ್ ಆದವರಿಗೆ ನಾಲ್ಕಾರು ದಿನಕ್ಕೆ ಫೋನ್ ಮಾಡಿ ವಿಚಾರಿಸುವುದು ನನ್ನ ಕೆಲಸ. ಕೇಳಬೇಕಾದ ಪ್ರಶ್ನೆಗಳು ಗೊತ್ತಿದ್ದವೇ. ಬೆಳಿಗ್ಗೆ ಆಸ್ಪತ್ರೆಗೆ ಬಂದವನು ಬಂಗಾರಮ್ಮನಿಗೂ ಮಾಡಿದೆ. ಫೋನ್ ಎತ್ತಿದ ಸುಜಾತ ಅತ್ತೆಯ ಕೈಗೆ ಕೊಟ್ಟಳು. ನೋವಿದೆಯೇ ಎಂದೆ. ಚೂರು, ಅಡ್ಡಿಲ್ಲ ಎಂದರು. ಕೆಂಪಾಗಿದೆಯೇ ಎಂದೆ. ನನ್ನ ಕಣ್ಣು ನನಗೆ ಹ್ಯಾಂಗೆ ಕಾಣ್ಬೇಕು ಎಂದು ನಕ್ಕರು. ಸುಜಾತ ಏನು ಹೇಳುತ್ತಾಳೆ ಎಂದದ್ದಕ್ಕೆ, ಆಪರೇಷನ್ ಮಾಡಿದ ಮೇಲೆ ಕೆಂಪಿರುವುದೇ ಅಲ್ಲವೇ ಎಂದರು. ನೋಟ ಹೇಗಿದೆ ಎಂದೆ. ಅದೂ ಅಡ್ಡಿಲ್ಲ. ದನಿ ಎಂದಿನಂತೆ ಇತ್ತು. ಸರಿ, ಮುಂದಿನ ವಾರ ಬನ್ನಿ ಎಂದು ಇಡುವವನಿದ್ದೆ. ಸುಮ್ಮನೆ ಛೇಡಿಸಲು, ಮೀನು ಆಯಿತೇ ಎಂದು ಕೇಳಿದೆ.

"ನಿನ್ನೆ ಆಯ್ತು ಸರ್. ಚಲೋ ಮೀನು ಸಿಕ್ಕಿತ್ತು. ಸುಜಾತ ಬಿಡಿಸಿ ಕೊಟ್ಳು, ತಿಂದೆ."

ನಾನು ಕುರ್ಚಿಯಿಂದ ಎದ್ದು ನಿಂತೆ. ಸುಜಾತ ಯಾಕೆ ಬಿಡಿಸಿ ಕೊಟ್ಟಳು ಎಂದು ಕೇಳಿದೆ. ಮೊದಲ ಎರಡು ದಿನ ಎಲ್ಲ ಕಾಣುತ್ತಿತ್ತು, ಈಗ ಹೊಗೆ ಕವಿದ ಹಾಗೆ ಇದೆ, ಹಾಗೆಯೇ ಇರುತ್ತದೇನೋ ಅಂದುಕೊಂಡೆ ಎಂದರು. ನಾನು ಫೋನ್ ಹಿಡಿದುಕೊಂಡೇ ಮೇಡಂ ಕೋಣೆಗೆ ಓಡಿದೆ. ಅವರು ನನ್ನ ಮಾತು ಪೂರ್ತಿ ಕೇಳಲಿಲ್ಲ. ಕೈಯಲ್ಲಿದ್ದ ಕೆಲಸ ಇನ್ನೊಬ್ಬರಿಗೆ ಒಪ್ಪಿಸಿ ಕಾರಿನ ಕೀಲಿ ತೆಗೆದುಕೊಂಡರು. ಮಗನಿಗೆ ಹೇಳಿ ಅವರನ್ನು ಆನಂದಪುರದ ಮುಖ್ಯರಸ್ತೆಗೆ ಕರೆದುಕೊಂಡು ಬರಲು ತಿಳಿಸಿದೆವು. ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಹೋಗುವ ದಾರಿಯೇ ಅದು.

ಆನಂದಪುರದಲ್ಲಿ ಒಂದು ಚಹಾದಂಗಡಿಯ ಬೆಂಚಿನ ಮೇಲೆ ಬಂಗಾರಮ್ಮ ಕೂತಿದ್ದರು. ಪಕ್ಕದಲ್ಲಿ ಸುಜಾತ ಗದ್ದೆಯಿಂದ ಬಂದ ಉಡುಪಿನಲ್ಲೇ ನಿಂತಿದ್ದಳು. ಮೇಡಂ ಕಪ್ಪು ಕನ್ನಡಕ ತೆಗೆದು ಟಾರ್ಚು ಬಿಟ್ಟರು. ನಾನು ಭುಜದ ಹಿಂದಿನಿಂದ ನೋಡಿದೆ. ಕಣ್ಣು ಕೆಂಡದಂತಿತ್ತು. ಕಪ್ಪುಗುಡ್ಡೆಯ ತಳದಲ್ಲಿ ಬೆಳ್ಳಗೆ ಕೆನೆ ನಿಂತ ಹಾಗೆ ಕೀವು. ಇಂಥದ್ದನ್ನು ನಾನು ತರಬೇತಿಯ ಪುಸ್ತಕದಲ್ಲಿ ಬಿಟ್ಟರೆ ನೋಡಿರಲಿಲ್ಲ. ಅಷ್ಟು ನೋವನ್ನು ಚೂರು ಎಂದು ಹೇಳಿ ಆ ಹೆಂಗಸು ಮೀನು ತಿಂದು ಮಲಗಿದ್ದರು.

ಬಂಗಾರಮ್ಮ ಮಾತ್ರ ಹೊರಡಲು ಒಪ್ಪಲಿಲ್ಲ. ನಾಳೆ ಬಸ್ಸಿಗೆ ಹೋಗ್ತೀನಿ, ಇವತ್ತು ಮನೆಯಲ್ಲಿ ದನ ಕರು ನೋಡುವವರಿಲ್ಲ, ಇಷ್ಟಕ್ಕೆಲ್ಲ ದೊಡ್ಡ ಡಾಕ್ಟ್ರು ಕಾರು ತರಬೇಕಾ, ನನಗೇನೂ ಅಡ್ಡಿಲ್ಲ ಎಂದು ಮೆಲ್ಲಗೆ ಹೇಳುತ್ತಲೇ ಇದ್ದರು. ಮೇಡಂ ಅವರ ಎರಡೂ ಕೈ ಹಿಡಿದುಕೊಂಡರು.

"ನಿಮಗ ಅಡ್ಡಿ ಇಲ್ದಿರಬಹುದು, ಅವ್ವ. ನನಗ ಅದ. ಗಾಡಿ ಹತ್ರಿ."

ಹತ್ತಿದರು. ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕೂತ ಸುಜಾತ, ನಾನು ದಿನಾ ಕೇಳ್ತಾನೇ ಇದ್ದೆ ಸರ್, ದಿನಾ ಅಡ್ಡಿಲ್ಲ ಅಂದ್ರು ಎಂದು ನನ್ನ ಹತ್ತಿರ ಹೇಳಿದಳು. ನಾನೂ ಅದೇ ಕೇಳಿದ್ದೆ, ಅದೇ ಉತ್ತರ ಪಡೆದಿದ್ದೆ. ಯಾಕೆ ಹೇಳಲಿಲ್ಲ ಎಂದು ಮೇಡಂ ಗಾಡಿ ಓಡಿಸುತ್ತಲೇ ಬಂಗಾರಮ್ಮನನ್ನು ಕೇಳಿದರು. ದನಿಯಲ್ಲಿ ಸಿಟ್ಟಿತ್ತು. ಬಂಗಾರಮ್ಮ ಸೆರಗು ಸರಿಮಾಡಿಕೊಂಡು ಹೇಳಿದರು.

"ಅಷ್ಟು ಚೆಂದ ಮಾಡಿ ಕಳ್ಸಿದ್ರಿ. ಕಾಣಲ್ಲ ಅಂದ್ರೆ ನಿಮ್ಗೆ ಬೇಜಾರಾಗ್ತದಲ್ಲ."

ಮೇಡಂ ಗಾಡಿಯ ವೇಗ ಇನ್ನಷ್ಟು ಹೆಚ್ಚಿಸಿದರು. ಅವರ ಕಣ್ಣಲ್ಲಿ ನೀರಿತ್ತು ಎಂದು ಬರೆದರೆ ಅವರು ಈಗಲೂ ಒಪ್ಪುವುದಿಲ್ಲ. ಪಕ್ಕದಲ್ಲಿ ಕೂತಿದ್ದವನು ನಾನು.

ಶಿವಮೊಗ್ಗದಲ್ಲಿ ಕಣ್ಣಿನ ಒಳಭಾಗದ ವೈದ್ಯರು ಕಾದಿದ್ದರು. ಕಣ್ಣೊಳಗೇ ಚುಚ್ಚಿ ಔಷಧಿ ಹಾಕಿದರು, ಆಮೇಲೆ ಇನ್ನೊಂದು ಸಲ ಹಾಕಿದರು. ಇದು ಯಾರ ತಪ್ಪೂ ಅಲ್ಲ, ಎಲ್ಲ ಸರಿಯಾಗಿ ಮಾಡಿದರೂ ಅಪರೂಪಕ್ಕೆ ಆಗುತ್ತದೆ, ಉಳಿದರೆ ಉಳಿಯಿತು, ಇನ್ನೊಂದು ದಿನ ಬಿಟ್ಟಿದ್ದರೆ ಕೇಳುವುದೇ ಬೇಡವಿತ್ತು ಎಂದರು. ಎಷ್ಟು ನೋಟ ಉಳಿಯುತ್ತದೆ ಎಂಬುದಕ್ಕೆ ಅವರೂ ಖಾತ್ರಿ ಕೊಡಲಿಲ್ಲ. ಆ ವಾರವೆಲ್ಲ ಮೇಡಂ ಬೆಳಿಗ್ಗೆ ಬಂದ ಕೂಡಲೇ ಶಿವಮೊಗ್ಗಕ್ಕೆ ಫೋನ್ ಮಾಡುತ್ತಿದ್ದರು. ಬಾಗಿಲ ಹೊರಗೆ ನಿಂತು ನಾನು ಅವರ ಮುಖ ನೋಡುತ್ತಿದ್ದೆ. ಒಂದು ದಿನ ಅವರು ಫೋನ್ ಇಟ್ಟು, ಕೀವು ಕರಗ್ಯದಂತ ಎಂದು ಹೇಳಿ ಪೊರೆಯ ರೋಗಿಗಳನ್ನು ಒಳಗೆ ಕಳಿಸಲು ಹೇಳಿದರು.

ಅಲ್ಲಿಂದ ಮುಂದೆ ನಮ್ಮ ಕೆಲಸದ ರೀತಿ ಬದಲಾಯಿತು. ಮೇಡಂ ಒಂದು ನಿಯಮ ಮಾಡಿದರು. ಆಪರೇಷನ್ ಆದವರನ್ನು ಹೇಗಿದೆ ಎಂದು ಯಾರೂ ಕೇಳಕೂಡದು. ಇವತ್ತು ಏನೇನು ಮಾಡಿದಿರಿ, ಯಾರು ಮಾಡಿಕೊಟ್ಟರು ಎಂದು ಕೇಳಬೇಕು. ಒಬ್ಬರು ಹೂ ಕಟ್ಟುವವರಾದರೆ ಹೂ ಕಟ್ಟಿದಿರಾ ಎನ್ನಬೇಕು. ಎಲೆಯಡಿಕೆ ಹಾಕುವವರಾದರೆ ಸುಣ್ಣ ಹಚ್ಚಿದ್ದು ಯಾರು ಎನ್ನಬೇಕು. ಇದಕ್ಕೆ ಅಡ್ಡಿಲ್ಲ ಎಂದು ಉತ್ತರ ಕೊಡಲಾಗುವುದಿಲ್ಲ. ಹಾಗಾಗಿ ಆಪರೇಷನ್ನಿಗೆ ಮೊದಲೇ ಪ್ರತಿಯೊಬ್ಬರ ಸಣ್ಣ ಸಂತೋಷ ಯಾವುದು ಎಂದು ನಾನು ತಿಳಿದುಕೊಂಡಿರಬೇಕಾಯಿತು. ಸರ್ಕಾರಿ ಸಂಬಳಕ್ಕೆ ಇಂಥ ಕೆಲಸ ಮಾಡಿದವರು ಹೆಚ್ಚು ಜನ ಇರಲಿಕ್ಕಿಲ್ಲ. ಮಧ್ಯಾಹ್ನದೊಳಗೆ ಎಷ್ಟು ಜನರ ಅಡುಗೆಮನೆ, ಹಿತ್ತಿಲು, ಜಗುಲಿ ಹೊಕ್ಕು ಬರುತ್ತಿದ್ದೆನೋ. ಸಂಜೆ ಮನೆಗೆ ಹೋಗುವಾಗ ಹೊಟ್ಟೆ ತುಂಬಿದ ಹಾಗೆ ಇರುತ್ತಿತ್ತು.

ತೃಪ್ತಿ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ನಮ್ಮ ಜನ ಇದ್ದದ್ದರಲ್ಲಿ ಸುಖ ಕಾಣುತ್ತಾರೆ, ಅದರಿಂದಲೇ ಈ ಮಳೆ, ಈ ರಸ್ತೆ, ಈ ಬಸ್ಸುಗಳ ನಡುವೆ ನಗುತ್ತ ಇದ್ದಾರೆ. ಆದರೆ ಕುರ್ಚಿಯಲ್ಲಿ ಕೂತವರ ತೃಪ್ತಿಯನ್ನು ನೀವು ನಂಬಬೇಡಿ. ಅವರಿಗೆ ಯಾವುದರಲ್ಲಿ ಖುಷಿ ಎಂಬುದನ್ನು ಹಿಡಿದುಕೊಳ್ಳಿ. ಸಾಕು ಎನ್ನುವಾಗ ಅವರು ನಿಮ್ಮ ಮರ್ಯಾದೆ ಕಾಯುತ್ತಿರಬಹುದು. ಮೀನಿನ ಮುಳ್ಳಿನ ವಿಷಯಕ್ಕೆ ಬಂದರೆ ಯಾರೂ ಯಾರ ಮರ್ಯಾದೆಯನ್ನೂ ಕಾಯುವುದಿಲ್ಲ.

ಕೆಲವು ತಿಂಗಳ ಮೇಲೆ ಬಂಗಾರಮ್ಮ ಕನ್ನಡಕಕ್ಕೆಂದು ಬಂದರು. ಹಲಗೆಯ ಅರ್ಧದವರೆಗೆ ಇಳಿದು ನಿಂತರು. ಅವರಿಗೆ ಓದು ಬರುವುದಿಲ್ಲ, ಓದು ಬಾರದವರ ಹಲಗೆಯಲ್ಲಿ ಇಂಗ್ಲಿಷಿನ E ಥರದ ಗುರುತಿನ ಕಾಲು ಯಾವ ಕಡೆ ಇದೆ ಎಂದು ಕೈಯಲ್ಲಿ ತೋರಿಸುವುದು. ಅದರ ಕೆಳಗಿನದು ಇನ್ನು ಬರುವ ಆಸೆಯಿರಲಿಲ್ಲ. ಮೇಡಂಗೆ ಅದು ಸಾಲಲಿಲ್ಲ, ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದರು. ದೊಡ್ಡ ಮೀನಿನ ಮುಳ್ಳನ್ನು ಬಂಗಾರಮ್ಮ ಈಗ ತಾವೇ ಬಿಡಿಸುತ್ತಾರಂತೆ, ತೀರಾ ಸಣ್ಣದಕ್ಕೆ ಸುಜಾತ ಬೇಕು. ನಾನು ಚೌಕಟ್ಟು ಇಟ್ಟು ಗಾಜು ಬದಲಿಸತೊಡಗಿದೆ. ಮೊದಲನೆಯದು ಬೇಡ ಎಂದರು. ಎರಡನೆಯದು ಮೊದಲಿನದಕ್ಕಿಂತ ವಾಸಿ, ಆದರೆ ಅಂಚು ಓಲಾಡುತ್ತದೆ ಎಂದರು. ಹಿಂದಿನದನ್ನು ಇನ್ನೊಂದು ಸಲ ತೋರಿಸಿ ಎಂದರು. ಹೊರಗೆ ಕಾಯುವವರು ಗೊಣಗುತ್ತಿದ್ದರು. ನಾನು ತೋರಿಸುತ್ತಲೇ ಹೋದೆ. ಒಂದು ಗಾಜಿಗೆ ಅವರು ಸುಮ್ಮನಾದರು, ಕುತ್ತಿಗೆ ತಿರುಗಿಸಿ ಕೋಣೆಯನ್ನೆಲ್ಲ ನೋಡಿದರು, ಬಾಗಿಲ ಹತ್ತಿರ ನಿಂತಿದ್ದ ಸೊಸೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಎಂಥಾ ಬಣ್ಣದ ಸೀರೆ ಉಟ್ಕಂಡು ಬಂದಿದ್ಯೇ. ನಿಂಗೆ ಒಂಚೂರೂ ಒಪ್ಪಲ್ಲ."

ಸುಜಾತ ಮುಖ ತಿರುಗಿಸಿಕೊಂಡು ಹೊರಗೆ ಹೋದಳು. ಬೇಸರ ಮಾಡಿಕೊಂಡಳೋ ಏನೋ ಎಂದು ನಾನೂ ಹಿಂದೆ ಹೋದೆ. ಅವಳು ಕಂಬಕ್ಕೆ ಒರಗಿ ಆ ಒಪ್ಪದ ಸೀರೆಯ ಸೆರಗಿನಲ್ಲೇ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಅವ್ರು ನನ್ನ ಸೀರೆ ನೋಡಿ ಕೊಂಕು ಹೇಳದೆ ಎಷ್ಟು ವರ್ಷ ಆಗಿತ್ತು ಸರ್," ಎಂದಳು.